ಟೆರೇಸ್ ಮೇಲೆ ದೊಡ್ಡ ಮಾಡೆಲ್ ರೈಲು: ಹಳಿ ಒಂದೇ, ಸೈಜು ಯಾಕೆ ಬೇರೆ ಬೇರೆ?

ಟೆರೇಸ್_ರೈಲು (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ನಮ್ಮ ಷಡ್ಡಕರು ಜರ್ಮನಿಯಿಂದ ಬರುವಾಗ ಎಲ್‌ಜಿಬಿ ಅನ್ನುವ ಅಲ್ಲಿನ ಮಾಡೆಲ್ ರೈಲು ಕಂಪನಿಯ ಒಂದು ಇಂಜಿನ್, ಒಂದು ಸುತ್ತಿಗೆ ಸಾಕಾಗುವಷ್ಟು ಹಳಿ ತಂದುಕೊಟ್ಟರು. ಡಬ್ಬದ ಮೇಲೆ 'ಜಿ' ಅಂತ ಇದೆ. ಆಮೇಲೆ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ಅಮೆರಿಕದ ಗೂಡ್ಸ್ ವ್ಯಾಗನ್ ಸಿಕ್ಕವು, ಅದರ ಮೇಲೂ 'ಜಿ'. ಎರಡೂ ಒಂದೇ ಹಳಿಯ ಮೇಲೆ ಚೆನ್ನಾಗಿ ಓಡುತ್ತವೆ. ಆದರೆ ಒಟ್ಟಿಗೆ ಜೋಡಿಸಿದರೆ ನೋಡಲು ಆಗುವುದಿಲ್ಲ. ಇಂಜಿನ್ ಗಿಡ್ಡ, ವ್ಯಾಗನ್ ಅದರ ತಲೆಯ ಮೇಲೆ ಹೋಗುತ್ತದೆ. ಅಷ್ಟು ದೊಡ್ಡ ವ್ಯಾಗನ್ನಿನ ಏಣಿ ಮಾತ್ರ ಇಂಜಿನ್ ಜೊತೆ ಬಂದ ಡ್ರೈವರ್ ಗೊಂಬೆಗೆ ಸಣ್ಣದು.

ಮೊದಲನೆಯದು, ಮಾಡೆಲ್ ರೈಲಿನವರು 'ಓ', 'ಒಂದು', 'ಜಿ' ಅಂತ ಸೈಜಿನ ಹೆಸರು ಹೇಳುತ್ತಾರಲ್ಲ, ಅವು ನಿಜವಾಗಿ ಏನು? ಎರಡನೆಯದು, ಮನೆ 30-40 ಸೈಟಿನದು. ನೀರಿನ ಟ್ಯಾಂಕು, ಸೋಲಾರ್ ಬಿಟ್ಟರೆ ಟೆರೇಸ್ ಖಾಲಿ. ಅಲ್ಲಿ ಕಾಯಂ ಆಗಿ ಹಳಿ ಹಾಕಬಹುದಾ? ನಮ್ಮ ಬಿಸಿಲಿಗೆ ತಡೆಯುತ್ತದಾ?

ಸುಮ್ನೆ_ಓದುಗ
ಒಳ್ಳೆ ಪ್ರಶ್ನೆ. ಉತ್ತರ ಗೊತ್ತಿಲ್ಲ, ಇಲ್ಲೇ ಕೂತಿರುತ್ತೇನೆ.

ಮೀಟರ್‌ಗೇಜ್_ಮನುಷ್ಯ (ದಾವಣಗೆರೆ)
ಗೇಜ್ ಬೇರೆ, ಸ್ಕೇಲ್ ಬೇರೆ ಸಾರ್. ಗೇಜ್ ಅಂದರೆ ಎರಡು ಹಳಿಗಳ ಒಳಅಂಚಿನ ನಡುವಿನ ಅಂತರ. ಸ್ಕೇಲ್ ಅಂದರೆ ನಿಜವಾದ ರೈಲನ್ನು ಎಷ್ಟು ಪಟ್ಟು ಸಣ್ಣ ಮಾಡಿದ್ದಾರೆ ಅನ್ನುವುದು. ಜಿ ಅಂತ ಕರೆಯುವ ಎಲ್ಲದರ ಹಳಿಯೂ 45 ಮಿ.ಮೀ. ಆ ಹಳಿಯ ಮೇಲೆ ಯಾರು ಏನು ಓಡಿಸುತ್ತಾರೆ ಅನ್ನುವುದರಲ್ಲಿ ಮಾತ್ರ ಒಮ್ಮತ ಇಲ್ಲ.

ಎಲ್‌ಜಿಬಿಯವರು 1968ರಲ್ಲಿ ಶುರು ಮಾಡಿದಾಗ ಯುರೋಪಿನ ಮೀಟರ್ ಗೇಜ್ ರೈಲುಗಳನ್ನು 1:22.5ಕ್ಕೆ ಇಳಿಸಿದರು. 1000 ಮಿ.ಮೀ.ಯನ್ನು 22.5ರಿಂದ ಭಾಗಿಸಿ, 44.4 ಬರುತ್ತದೆ. ಲೆಕ್ಕ ಸರಿ ಹೋಯಿತು. ಅಮೆರಿಕದವರು ಅದೇ ಹಳಿ ತಗೊಂಡು ತಮ್ಮ ಮೂರಡಿ ನ್ಯಾರೋ ಗೇಜಿಗೆ 1:20.3 ಮಾಡಿದರು. ಇನ್ನು ಕೆಲವರು ಅಲ್ಲಿನ ಸ್ಟ್ಯಾಂಡರ್ಡ್ ಗೇಜ್ ಗಾಡಿಗಳನ್ನು 1:29ರಲ್ಲಿ ಮಾಡಿ ಅದೇ ಹಳಿಯ ಮೇಲೆ ಬಿಟ್ಟರು. ಲೆಕ್ಕದ ಪ್ರಕಾರ ಅದು 1:32 ಆಗಬೇಕು, ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ., ಭಾಗಿಸು 32 ಅಂದರೆ 44.8. ಆ 1:32ನ್ನೇ 'ಗೇಜ್ ಒಂದು' ಅನ್ನುತ್ತಾರೆ, ಹಳೆಯ ಜರ್ಮನ್ ಆಟಿಕೆ ಕಂಪನಿ ಮ್ಯಾರ್ಕ್ಲಿನ್ ಕಾಲದಿಂದ ಇದೆ. ನಿಮ್ಮ ವ್ಯಾಗನ್ 1:29ರದ್ದು ಇರಬೇಕು, ಇಂಜಿನ್ 1:22.5. ಅದರ ಒರಿಜಿನಲ್ ಗಾಡಿಯೇ ದೊಡ್ಡದು, ಅದಕ್ಕೇ ವ್ಯಾಗನ್ ಎತ್ತರ; ಇಳಿಸಿದ್ದು ಜಾಸ್ತಿ, ಅದಕ್ಕೇ ಏಣಿ ಸಣ್ಣದು. ತಳಭಾಗದಲ್ಲಿ ಬರೆದಿರುತ್ತಾರೆ, ತಿರುಗಿಸಿ ನೋಡಿ.

ಓ ಅಂದರೆ 32 ಮಿ.ಮೀ. ಹಳಿ. ಅದರಲ್ಲೂ ಜಗಳ ಇದೆ. ಅಮೆರಿಕದಲ್ಲಿ 1:48, ಬ್ರಿಟನ್ನಿನಲ್ಲಿ 1:43.5, ಯುರೋಪಿನಲ್ಲಿ 1:45.

ಟೆರೇಸ್_ರೈಲು (ದಾವಣಗೆರೆ)
ತಿರುಗಿಸಿ ನೋಡಿದೆ. ಒಂದು ವ್ಯಾಗನ್ನಿನ ಕೆಳಗೆ 1:29 ಅಂತ ಸಣ್ಣಕ್ಷರದಲ್ಲಿ ಇದೆ. ಮಾರಿದವರು ಬಾಯಿ ಬಿಟ್ಟಿರಲಿಲ್ಲ.

ಹೆಚ್‌ಓ_ಮೇಷ್ಟ್ರು
ಇಷ್ಟೆಲ್ಲ ತಲೆನೋವು ಯಾಕೆ? ಹೆಚ್‌ಓ ತಗೊಳ್ಳಿ. 1:87, ಹಳಿ 16.5 ಮಿ.ಮೀ. ಒಂದು ಡಬಲ್ ಕಾಟ್ ಜಾಗದಲ್ಲಿ ಸ್ಟೇಷನ್, ಯಾರ್ಡ್, ಬೆಟ್ಟ ಎಲ್ಲ ಬರುತ್ತದೆ. ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ, ಒಂದು ಹಾಲ್‌ನಲ್ಲಿ ಊರಿಗೆ ಊರನ್ನೇ ಕೂರಿಸಿದ್ದಾರೆ. ದೊಡ್ಡ ಅಳತೆಯಲ್ಲಿ ಒಂದು ಇಂಜಿನ್ನಿನ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ.

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಮೇಷ್ಟ್ರೇ, ನಿಮ್ಮ ಹೆಚ್‌ಓ ಗಾಡಿಯನ್ನು ನಮ್ಮ ಚಿತ್ರದುರ್ಗದ ಧೂಳಿನಲ್ಲಿ ಕಿಟಕಿ ತೆಗೆದಿಟ್ಟು ಒಂದು ವಾರ ಓಡಿಸಿ ತೋರಿಸಿ. ಒಂದು ಸಣ್ಣ ಮರಳಿನ ಕಾಳು ಸಾಕು, ಗಾಲಿ ಎದ್ದು ಕೂರುತ್ತದೆ. ನನ್ನದು ಹಿತ್ತಲಿನಲ್ಲಿ 45 ಮಿ.ಮೀ. ಲೈನು. ಬೇವಿನ ಎಲೆ ಬಿದ್ದಿದ್ದರೂ ತುಳಿದುಕೊಂಡು ಹೋಗುತ್ತದೆ. ಇರುವೆ ಸಾಲು ದಾಟುವಾಗ ಮಾತ್ರ ನಾನೇ ನಿಲ್ಲಿಸುತ್ತೇನೆ.

ದೊಡ್ಡ ಅಳತೆ ಬರೀ ನೋಡೋಕೆ ದೊಡ್ಡದು ಅಂತಲ್ಲ. ಉದ್ದ, ಅಗಲ, ಎತ್ತರ ಮೂರೂ ಸುಮಾರು ನಾಲ್ಕು ಪಟ್ಟು ಹೆಚ್ಚಾದರೆ ಗಾತ್ರ ಐವತ್ತು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ತೂಕವೂ ಹಾಗೇ ಏರುತ್ತದೆ. ಆ ತೂಕಕ್ಕೇ ಹಳಿಯ ಜೋಡಣೆ ಮೇಲೆ 'ಟಕ್ ಟಕ್' ಸದ್ದು ತಾನಾಗಿ ಬರುತ್ತದೆ. ಸ್ಪೀಕರ್ ಬೇಡ. ಇಳಿಜಾರಿನಲ್ಲಿ ವ್ಯಾಗನ್‌ಗಳು ಇಂಜಿನ್ನನ್ನು ನೂಕುವುದು ಕೈಗೇ ಗೊತ್ತಾಗುತ್ತದೆ. ಹೆಚ್‌ಓದಲ್ಲಿ ಊರು ಕಾಣುತ್ತದೆ, ಒಪ್ಪುತ್ತೇನೆ. ಇಲ್ಲಿ ಯಂತ್ರ ಕಾಣುತ್ತದೆ.

ಹೆಚ್‌ಓ_ಮೇಷ್ಟ್ರು
ಕಿಟಕಿ ಮುಚ್ಚಿಕೊಳ್ಳಿ ಮೇಡಂ.

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಏಪ್ರಿಲ್‌ನಲ್ಲಾ? ನೀವು ಬಂದು ಕೂತುಕೊಳ್ಳಿ.

ಮಂಡಕ್ಕಿ_ಮಿರ್ಚಿ (ದಾವಣಗೆರೆ)
ಮಾಡೆಲ್ ರೈಲು ಮಾಡುವವರು ದಯವಿಟ್ಟು ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟನ್ನೂ ಸೇರಿಸಿ. ಗೊಂಬೆಗಳು ಬೈಕ್ ಇಂಜಿನ್ ಆಫ್ ಮಾಡಿ ಕಾಯಬೇಕು. ಅದಿಲ್ಲದೆ ಅದು ದಾವಣಗೆರೆ ಅಲ್ಲ.

ಸುಮ್ನೆ_ಓದುಗ
ಗೇಟಿನ ಕೆಳಗೆ ತಲೆ ತೂರಿಸುವ ಸೈಕಲ್ ಗೊಂಬೆಯೂ ಬೇಕು.

ಬ್ರಾಡ್‌ಗೇಜ್_ಹುಡುಗ (ದಾವಣಗೆರೆ)
ಎಲ್ಲ ಸರಿ, ಆದರೆ ಜರ್ಮನಿ, ಅಮೆರಿಕ ಯಾಕೆ? ನಮ್ಮ ಡಬ್ಲ್ಯೂಎಪಿ-7 ಎಲೆಕ್ಟ್ರಿಕ್ ಇಂಜಿನ್, ಚೆನ್ನೈ ಕಾರ್ಖಾನೆಯ ಐಸಿಎಫ್ ಬೋಗಿ ಯಾಕೆ ಬೇಡ? ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ತ್ರೀಡಿ ಪ್ರಿಂಟರ್ ಇದೆ. 1:32ರಲ್ಲಿ ಬೋಗಿ ಡಿಸೈನ್ ಮಾಡುತ್ತಿದ್ದೇನೆ. ನಿಜವಾದ ಐಸಿಎಫ್ ಬೋಗಿ 21.3 ಮೀಟರ್, ಅಂದರೆ ಮಾಡೆಲ್ 66 ಸೆಂ.ಮೀ. ಚಿಲ್ಲರೆ. ಅದನ್ನೇ 45 ಮಿ.ಮೀ. ಹಳಿ ಮೇಲೆ ಓಡಿಸುತ್ತೇನೆ.

ಮೀಟರ್‌ಗೇಜ್_ಮನುಷ್ಯ (ದಾವಣಗೆರೆ)
ತಮ್ಮಾ, ಅಲ್ಲೇ ತಪ್ಪುತ್ತಿರುವುದು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. 32ರಿಂದ ಭಾಗಿಸಿದರೆ 52.4 ಬರುತ್ತದೆ. ನೀನು 45ರ ಮೇಲೆ ಕೂರಿಸಿದರೆ ಅದು ಬ್ರಾಡ್ ಗೇಜ್ ಅಲ್ಲ, ಸ್ಟ್ಯಾಂಡರ್ಡ್ ಗೇಜ್. ಮುಂದಿನಿಂದ ನೋಡಿದರೆ ಬೋಗಿಯ ಹೊಟ್ಟೆ ದಪ್ಪ, ಕಾಲು ಸಣ್ಣ.

ನಾನು ಹೇಳುವುದು ಇಷ್ಟೇ. 45 ಮಿ.ಮೀ. ಹಳಿ ಹಾಕುವುದಾದರೆ ನಮ್ಮ ಜಿಲ್ಲೆಗೆ ಅದಕ್ಕೆ ಸರಿಯಾಗಿ ಹೊಂದುವ ರೈಲು ಇತ್ತು. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಗುವವರೆಗೂ ಬೆಂಗಳೂರು-ಹುಬ್ಬಳ್ಳಿ ಲೈನು ಮೀಟರ್ ಗೇಜೇ ಅಲ್ವಾ? ತೋಳಹುಣಸೆ, ಮಾಯಕೊಂಡ, ಚಿಕ್ಕಜಾಜೂರು ಎಲ್ಲ ಕಡೆ ಅದೇ. ವೈಪಿ ಸ್ಟೀಮ್ ಇಂಜಿನ್, ವೈಜಿ, ಆಮೇಲೆ ವೈಡಿಎಂ-4 ಡೀಸೆಲ್. ವೈಪಿಯ ದೊಡ್ಡ ಗಾಲಿ 1372 ಮಿ.ಮೀ., 1:22.5ರಲ್ಲಿ 61 ಮಿ.ಮೀ. ಕೈಯಲ್ಲಿ ಹಿಡಿದರೆ ಅಂಗೈ ತುಂಬುತ್ತದೆ. ಹಳಿ, ಗಾಲಿ, ಬೋಗಿ ಯಾವುದರಲ್ಲೂ ಸುಳ್ಳು ಹೇಳಬೇಕಾಗಿಲ್ಲ.

ಬ್ರಾಡ್‌ಗೇಜ್_ಹುಡುಗ (ದಾವಣಗೆರೆ)
ಅಣ್ಣ, ನಾನು ಹುಟ್ಟಿದಾಗ ನಿಮ್ಮ ಮೀಟರ್ ಗೇಜ್ ಕಿತ್ತು ಗುಜರಿಗೆ ಹಾಕಿಯಾಗಿತ್ತು. ನಾನು ನೋಡಿದ ರೈಲು ನಾನು ಮಾಡಬೇಕು. ಇನ್ನೊಂದು ಮಾತು. ಎಲ್‌ಜಿಬಿಯ ಎಲ್ಲಕ್ಕಿಂತ ಫೇಮಸ್ ಇಂಜಿನ್ 'ಸ್ಟೈಂಜ್'. ಅದರ ಒರಿಜಿನಲ್ ಆಸ್ಟ್ರಿಯಾದ 760 ಮಿ.ಮೀ. ಗೇಜಿನದು. 22.5ರಿಂದ ಭಾಗಿಸಿದರೆ 34 ಕೂಡ ಬರುವುದಿಲ್ಲ. ಅದನ್ನು 45ರ ಮೇಲೆ ಓಡಿಸಿದ್ದು ನಿಮ್ಮ ಎಲ್‌ಜಿಬಿಯವರೇ. ಸುಳ್ಳು ಶುರುವಾಗಿದ್ದೇ ಅಲ್ಲಿಂದ.

ಸುಮ್ನೆ_ಓದುಗ
ಹೊಡೆದ ನೋಡಿ!

ಮೀಟರ್‌ಗೇಜ್_ಮನುಷ್ಯ (ದಾವಣಗೆರೆ)
ಸ್ಟೈಂಜ್ ವಿಷಯ ಹೌದು. ಅವರು ಮಾಡಿದರು ಅಂತ ನಾವೂ ಮಾಡಬೇಕಾ?

ಚಿಕ್ಕಜಾಜೂರು_ಜಂಕ್ಷನ್
ಮೀಟರ್ ಗೇಜ್ ಅಂದಿದ್ದಕ್ಕೆ ನೆನಪಾಯಿತು. ಚಿತ್ರದುರ್ಗ ಕಡೆ ಹೋಗುವ ಗಾಡಿಗೆ ನಮ್ಮಲ್ಲಿ ಇಂಜಿನ್ ತಿರುಗಿಸಿ ಕಟ್ಟುತ್ತಿದ್ದರು. ಶಂಟಿಂಗ್ ಮುಗಿಯುವವರೆಗೆ ಪ್ಲಾಟ್‌ಫಾರಂನಲ್ಲಿ ಶೇಂಗಾ ತಿನ್ನುತ್ತಾ ಕೂರುವುದೇ ನಮ್ಮ ಕೆಲಸ. ಪಾಯಿಂಟ್ಸ್‌ಮನ್ ಕಪ್ಲಿಂಗ್ ಹಾಕಿ, ಕೈ ಒರೆಸಿಕೊಂಡು, ಹಸಿರು ಬಾವುಟ ಅಲ್ಲಾಡಿಸುತ್ತಿದ್ದ. ಮಾಡೆಲ್ ಮಾಡುವುದಾದರೆ ಬರೀ ಸುತ್ತು ಹೊಡೆಯುವ ರೈಲು ಮಾಡಬೇಡಿ. ಒಂದು ಜಂಕ್ಷನ್ ಮಾಡಿ. ಇಂಜಿನ್ ಬಿಚ್ಚಿ, ಪಕ್ಕದ ಲೂಪ್ ಹಳಿಯಲ್ಲಿ ಹಿಂದೆ ತಂದು, ಇನ್ನೊಂದು ತುದಿಗೆ ಕಟ್ಟುವುದು. ಅದಕ್ಕೆ ಎರಡು ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ), ಒಂದು ಲೂಪ್ ಸಾಕು. ಮಜಾ ಇರುವುದೇ ಅಲ್ಲಿ.

ಟೆರೇಸ್_ರೈಲು (ದಾವಣಗೆರೆ)
ಇದು ನನಗೆ ಹಿಡಿಸಿತು. ಆದರೆ ಜಾಗ?

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಜಾಗದ ಲೆಕ್ಕ ತಿರುವಿನಿಂದ ಶುರು ಮಾಡಿ. ಸ್ಟಾರ್ಟರ್ ಸೆಟ್ಟಿನ ಎಲ್‌ಜಿಬಿ ತಿರುವು 'ಆರ್1', ತ್ರಿಜ್ಯ 600 ಮಿ.ಮೀ. ಅಂದರೆ ಸುತ್ತು 1.2 ಮೀಟರ್ ಅಗಲ. ನಿಮ್ಮ ಗಿಡ್ಡ ಇಂಜಿನ್ ಅದರಲ್ಲಿ ಆರಾಮಾಗಿ ತಿರುಗುತ್ತದೆ. ಆದರೆ ಉದ್ದ ಬೋಗಿ ಹಾಕಿದರೆ ಮೂತಿ ಹಳಿಯಿಂದ ಆಚೆ ಚಾಚುತ್ತದೆ, ಪಕ್ಕದ ಕಂಬಕ್ಕೆ ತಾಗುತ್ತದೆ. 'ಆರ್3' ಇದೆ, ತ್ರಿಜ್ಯ ಹತ್ತಿರ ಹತ್ತಿರ 1.2 ಮೀಟರ್. ಟೆರೇಸಿನಲ್ಲಿ ಅದಕ್ಕೆ ಜಾಗ ಸಿಕ್ಕರೆ ಅದನ್ನೇ ಹಾಕಿ. ಇಂಜಿನ್ ಚಿಕ್ಕದಿದ್ದರೂ ದೊಡ್ಡ ತಿರುವಿನಲ್ಲಿ ಎಳೆಯಲು ಕಷ್ಟ ಕಡಿಮೆ. ಏರು ಐವತ್ತಕ್ಕೆ ಒಂದಕ್ಕಿಂತ ಜಾಸ್ತಿ ಬೇಡ.

ಬಿಸಿಲಿನ ವಿಷಯ ಬೇರೆ. ಹಿತ್ತಾಳೆ ಹಳಿ ಬಿಸಿಗೆ ಹಿಗ್ಗುತ್ತದೆ. ಹತ್ತು ಮೀಟರ್ ಹಳಿ, ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ (ಬಿಸಿಲಿಗೆ ಬಿದ್ದ ಲೋಹಕ್ಕೆ ಇದು ಏನೂ ಅಲ್ಲ), ಏಳೂವರೆ ಮಿ.ಮೀ. ಉದ್ದ ಬರುತ್ತದೆ. ಜೋಡಣೆ ಎಲ್ಲ ಬೆಸುಗೆ ಹಾಕಿ, ಎರಡೂ ತುದಿ ಬಿಗಿ ಮಾಡಿಬಿಟ್ಟರೆ ಹಳಿ ಎಲ್ಲಿ ಹೋಗಬೇಕು? ಪಕ್ಕಕ್ಕೆ ಬಾಗುತ್ತದೆ. ಹೊಳಲ್ಕೆರೆಯಲ್ಲಿ ಒಬ್ಬರ ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಹಳಿಯನ್ನು ತೇಲುವ ಹಾಗೆ ಬಿಡಬೇಕು, ಅಲ್ಲಲ್ಲಿ ಜೋಡಣೆಯಲ್ಲಿ ಸಂದು ಇಡಬೇಕು. ಮಧ್ಯಾಹ್ನ ಹಾಕುವುದಾದರೆ ಸಂದು ಕಡಿಮೆ, ಬೆಳಿಗ್ಗೆ ಹಾಕುವುದಾದರೆ ಜಾಸ್ತಿ.

ಟೆರೇಸಿಗೆ ಮಾತ್ರ ತೂತು ಕೊರೆಯಬೇಡಿ. ಮಳೆಗಾಲದಲ್ಲಿ ಕೆಳಗಿನ ರೂಮು ಸೋರುತ್ತದೆ, ಆಮೇಲೆ ಮನೆಯಲ್ಲಿ ಹವ್ಯಾಸದ ಹೆಸರು ಎತ್ತುವ ಹಾಗಿಲ್ಲ. ಸಿಮೆಂಟ್ ಬ್ಲಾಕ್ ಇಟ್ಟು, ಅದರ ಮೇಲೆ ಎಲ್ ಆಂಗಲ್ ಫ್ರೇಮ್ ಮಾಡಿಸಿ. ಸೊಂಟದ ಎತ್ತರಕ್ಕೆ ಬಂದರೆ ಬಗ್ಗುವ ಕಷ್ಟವೂ ಇಲ್ಲ.

ಸುಮ್ನೆ_ಓದುಗ
ಹಳಿ ಕೆಳಗೆ ಜಲ್ಲಿ?

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಕ್ರಷರ್‌ನಲ್ಲಿ ಸಿಗುವ ಬೇಬಿ ಜಲ್ಲಿ ಹಾಕುತ್ತಾರೆ, ಅದು ದೊಡ್ಡದಾಯಿತು. ನಿಜವಾದ ರೈಲಿನ ಜಲ್ಲಿ ಐದಾರು ಸೆಂ.ಮೀ. ಇರುತ್ತದೆ, 22.5ರಿಂದ ಭಾಗಿಸಿದರೆ ಎರಡೂವರೆ ಮಿ.ಮೀ. ಎಂ ಸ್ಯಾಂಡ್ ತಂದು ಎರಡು ಜರಡಿ ಹಿಡಿಯಿರಿ. ಪುಡಿ ಕೆಳಗೆ ಹೋಗಲಿ, ದಪ್ಪದ್ದು ಮೇಲೆ ನಿಲ್ಲಲಿ, ನಡುವಿನದನ್ನು ತಗೊಳ್ಳಿ. ಮೂಲೆಗಳು ಚೂಪಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹೊಳೆ ಮರಳು ಉರುಟು, ಜಾರುತ್ತದೆ.

ಇನ್ನೊಂದು, ಕೋತಿ. ಕೋಟೆ ಕಡೆಯಿಂದ ಬರುತ್ತವೆ. ವ್ಯಾಗನ್ ಹೊರಗೆ ಬಿಟ್ಟು ಊಟಕ್ಕೆ ಹೋಗುವ ಹಾಗಿಲ್ಲ. ಒಂದು ಸಲ ಗಾರ್ಡ್ ವ್ಯಾನ್ ಎತ್ತಿಕೊಂಡು ಪಕ್ಕದ ಮನೆಯ ಟ್ಯಾಂಕ್ ಮೇಲೆ ಕೂತಿತ್ತು. ಬಾಳೆಹಣ್ಣು ಕೊಟ್ಟು ವಾಪಸ್ ತಗೊಂಡೆವು.

ಮಂಡಕ್ಕಿ_ಮಿರ್ಚಿ (ದಾವಣಗೆರೆ)
ಗಾರ್ಡ್ ವ್ಯಾನೇ ಬೇಕಿತ್ತು ಅದಕ್ಕೆ. ಕೊನೆಗೂ ಗಾಡಿಗೆ ಒಬ್ಬ ಗಾರ್ಡ್ ಸಿಕ್ಕ.

ಬ್ರಾಡ್‌ಗೇಜ್_ಹುಡುಗ (ದಾವಣಗೆರೆ)
ಕರೆಂಟ್ ಹೇಗೆ ಕೊಡುತ್ತೀರಿ ಅಕ್ಕ? ಹಳಿಯಲ್ಲೇ?

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಮೊದಲು ಹಳಿಯಲ್ಲೇ ಇತ್ತು. ಹೆಚ್‌ಓ 12 ವೋಲ್ಟ್ ಡಿಸಿ ಆದರೆ ಇದಕ್ಕೆ 24ರವರೆಗೆ ಬೇಕು, ಕರೆಂಟೂ ಜಾಸ್ತಿ ಎಳೆಯುತ್ತದೆ. ಹಿತ್ತಾಳೆ ಹೊರಗಡೆ ಕಪ್ಪಾಗುತ್ತದೆ, ಓಡಿಸುವ ಮೊದಲು ಸುತ್ತೂ ಉಜ್ಜಬೇಕು. ಈಗ ಬ್ಯಾಟರಿ ವ್ಯಾಗನ್ನಿನ ಒಳಗೆ. 18650 ಲಿಥಿಯಂ ಸೆಲ್ ನಾಲ್ಕು ಸಾಲಾಗಿ, 14.8 ವೋಲ್ಟ್, ಜೊತೆಗೆ ಸೆಲ್ ಕಾಯುವ ಬಿಎಂಎಸ್ ಬೋರ್ಡ್. ರಿಮೋಟ್ ಕೈಯಲ್ಲಿ. ಹಳಿ ಕಪ್ಪಾದರೂ ಚಿಂತೆ ಇಲ್ಲ. ಸೆಲ್ಲನ್ನು ಮಾತ್ರ ಬಿಸಿಲಿನಲ್ಲಿ ಬಿಡಬೇಡ, ಒಳಗೆ ತಂದು ಇಡು.

ಹಾಗೇ ನಿನ್ನ ಪ್ರಿಂಟರ್ ವಿಷಯ. ಪಿಎಲ್‌ಎ ಪ್ಲಾಸ್ಟಿಕ್ ಹಾಕಿದ್ದೀಯಾ?

ಬ್ರಾಡ್‌ಗೇಜ್_ಹುಡುಗ (ದಾವಣಗೆರೆ)
ಹೌದು, ಪಿಎಲ್‌ಎ. ಅಗ್ಗ.

ಕೋಟೆನಾಡಿನ_ಹಿತ್ತಲು (ಚಿತ್ರದುರ್ಗ)
ಅದು 60 ಡಿಗ್ರಿ ಹತ್ತಿರ ಬರುವಾಗಲೇ ಮೆತ್ತಗಾಗುತ್ತದೆ. ಕಡು ನೀಲಿ ಬಣ್ಣ ಹೊಡೆದು ಟೆರೇಸಿನ ಬಿಸಿಲಿನಲ್ಲಿ ಇಟ್ಟರೆ ಸಂಜೆಗೆ ಬೋಗಿಯ ಚಾವಣಿ ತಗ್ಗಿ ಕೂತಿರುತ್ತದೆ. ಎಎಸ್‌ಎ ಪ್ಲಾಸ್ಟಿಕ್ ಹಾಕು. ಬಿಸಿಲಿಗೂ ಬಣ್ಣಗೆಡುವುದಿಲ್ಲ.

ಹೆಚ್‌ಓ_ಮೇಷ್ಟ್ರು
ದುಡ್ಡಿನ ಮಾತು ಯಾರೂ ಎತ್ತುತ್ತಿಲ್ಲ. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಏನು ಗೊತ್ತಾ? ಸ್ಕೇಲ್ ಮಾಡೆಲ್‌ಗಳು ಆಟಿಕೆಗಳ ಗುಂಪಿನಲ್ಲೇ ಬರುತ್ತವೆ. 2020ರ ಬಜೆಟ್‌ನಲ್ಲಿ ಆಟಿಕೆ ಸುಂಕ 20ರಿಂದ 60 ಪರ್ಸೆಂಟ್ ಆಯಿತು, 2023ರಲ್ಲಿ 70. ಅದರ ಮೇಲೆ ಜಿಎಸ್‌ಟಿ. ನನ್ನ ಒಂದು ಪಾರ್ಸೆಲ್ ಒಂದು ಕೊರಿಯರ್‌ನವರ ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂತಿತ್ತು. ಫೋನ್ ಮಾಡಿದಾಗಲೆಲ್ಲ 'ಮಕ್ಕಳ ಆಟಿಕೆನಾ ಸಾರ್?' ಅಂತ ಒಂದೇ ಪ್ರಶ್ನೆ. ನನಗೆ ಅರವತ್ತು ದಾಟಿದೆ ಅಂದರೂ ನಂಬಲಿಲ್ಲ.

ಟೆರೇಸ್_ರೈಲು (ದಾವಣಗೆರೆ)
ಹಾಗಾದರೆ ಇಲ್ಲೇ ಮಾಡಿಸುವುದು ವಾಸಿ ಅಲ್ವಾ? ಗಾಲಿ, ಆಕ್ಸಲ್ ಯಾರು ಮಾಡಿಕೊಡುತ್ತಾರೆ?

ಹರಿಹರ_ಫಿಟ್ಟರ್
ಇಷ್ಟು ಹೊತ್ತು ಸುಮ್ಮನಿದ್ದೆ. ದಾವಣಗೆರೆ, ಹರಿಹರದಲ್ಲಿ ಕೂತು ಗಾಲಿ ಯಾರು ಮಾಡುತ್ತಾರೆ ಅಂತ ಕೇಳುತ್ತೀರಲ್ಲ. 1941ರಿಂದ ಮೈಸೂರು ಕಿರ್ಲೋಸ್ಕರ್ ಲೇತ್ ಹುಟ್ಟಿದ ಊರು ಇದು. ಫ್ಯಾಕ್ಟರಿ ಹೋಯಿತು, ಕೈ ಹೋಗಿಲ್ಲ. ಆ ಲೇತ್‌ಗಳು ಇವತ್ತಿಗೂ ಗಲ್ಲಿಗಲ್ಲಿಯಲ್ಲಿ ಓಡುತ್ತಿವೆ. ಡ್ರಾಯಿಂಗ್ ಸರಿಯಾಗಿ ಕೊಟ್ಟರೆ ಗಾಲಿ ಒಂದು ದೊಡ್ಡ ಕೆಲಸವೇ ಅಲ್ಲ. ಮೈಲ್ಡ್ ಸ್ಟೀಲ್ ರಾಡ್ ಕಟ್ ಮಾಡಿ, ಹಳಿಯ ಮೇಲೆ ಉರುಳುವ ಟ್ರೆಡ್‌ಗೆ ಸ್ವಲ್ಪ ಟೇಪರ್ (ಓರೆ) ಕೊಟ್ಟು, ಗಾಲಿಯ ಒಳಬದಿಯಲ್ಲಿ ಎದ್ದಿರುವ ಅಂಚು, ಅಂದರೆ ಫ್ಲಾಂಜಿನ ಬುಡದಲ್ಲಿ ಚೂಪು ಮೂಲೆ ಬಿಡದೆ ರೇಡಿಯಸ್ (ದುಂಡು) ಕೊಡಬೇಕು. ಆ ರೇಡಿಯಸ್ ಮರೆತರೆ ಗಾಲಿ ಹಳಿಯ ಅಂಚನ್ನು ಹತ್ತುತ್ತದೆ.

ಸ್ಟೀಮ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾರಾದರೂ ಕೇಳೇ ಕೇಳುತ್ತೀರಿ. ಈ ಅಳತೆಯಲ್ಲಿ ನಿಜವಾದ ಉಗಿ ಇಂಜಿನ್ ಓಡುತ್ತದೆ. ತಾಮ್ರದ ಬಾಯ್ಲರ್, ಸಿಲ್ವರ್ ಬ್ರೇಜಿಂಗ್, ಕೆಳಗೆ ಬ್ಯೂಟೇನ್ ಗ್ಯಾಸ್ ಉರಿ. ಒತ್ತಡ ಸಾಮಾನ್ಯವಾಗಿ 40 ಪಿಎಸ್‌ಐ ಆಸುಪಾಸು. ಕಮ್ಮಿ ಅನಿಸುತ್ತದೆ, ಆದರೆ ಹುಡುಗಾಟ ಅಲ್ಲ. ಹೊಸ ಬಾಯ್ಲರನ್ನು ಉರಿ ತೋರಿಸುವ ಮೊದಲು ತಣ್ಣೀರು ತುಂಬಿ, ಕೈಪಂಪಿನಲ್ಲಿ ಕೆಲಸದ ಒತ್ತಡದ ಎರಡು ಪಟ್ಟು ಏರಿಸಿ ನಿಲ್ಲಿಸಿ ನೋಡಬೇಕು. ನೀರು ಅಂದರೆ ಬಿರುಕು ಬಿಟ್ಟರೂ ಬರೀ ಚಿಮ್ಮುತ್ತದೆ. ಗಾಳಿ ಹಾಕಿ ಟೆಸ್ಟ್ ಮಾಡುವವನು ಮೂರ್ಖ, ಅದು ಬಾಂಬ್.

ನಮ್ಮ ಬೋರ್‌ವೆಲ್ ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಮಳೆನೀರು ಸೋಸಿ ಇಟ್ಟುಕೊಳ್ಳಿ. ಗ್ಯಾಸ್ ಟ್ಯಾಂಕನ್ನು ಬಿಸಿಲಿನಲ್ಲಿ ತುಂಬಬೇಡಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಕುದಿಯುವ ವಸ್ತು, ನಮ್ಮ ಮಧ್ಯಾಹ್ನದಲ್ಲಿ ಅದರ ಒತ್ತಡ ವಿಪರೀತ ಏರುತ್ತದೆ. ಬೆಳಿಗ್ಗೆ ಓಡಿಸಿ, ಹತ್ತು ಗಂಟೆಗೆ ಮುಚ್ಚಿಡಿ.

ಮೀಟರ್‌ಗೇಜ್_ಮನುಷ್ಯ (ದಾವಣಗೆರೆ)
ಫಿಟ್ಟರ್ ಸಾಹೇಬರೇ, ವೈಪಿ ಮಾಡೋಣವಾ? ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ ಮೀಟರ್ ಗೇಜ್ ಇಂಜಿನ್‌ಗಳನ್ನು ಟೇಪ್ ಹಿಡಿದು ಅಳೆದುಕೊಂಡು ಬರಬಹುದು.

ಹರಿಹರ_ಫಿಟ್ಟರ್
ಮೊದಲಿಗೇ ವೈಪಿ ಬೇಡ. ಗಾಲಿ ಜಾಸ್ತಿ, ಮೋಷನ್ (ಗಾಲಿ ತಿರುಗಿಸುವ ರಾಡುಗಳು) ಜಾಸ್ತಿ, ಹಿಂದಿನ ಕಲ್ಲಿದ್ದಲು-ನೀರಿನ ಟೆಂಡರ್ ಸೇರಿ ಮುಕ್ಕಾಲು ಮೀಟರ್ ದಾಟುತ್ತದೆ. ಮೊದಲು ನಾಲ್ಕು ಗಾಲಿಯ ಒಂದು ಗೂಡ್ಸ್ ವ್ಯಾಗನ್ ಮಾಡಿ. ಅದು ಹಳಿ ತಪ್ಪದೆ ಹಿಂದೆ ಮುಂದೆ ಹೋದರೆ ಮುಂದಿನ ಮಾತು.

ಚಿಕ್ಕಜಾಜೂರು_ಜಂಕ್ಷನ್
ಕುಳಿತು ಓಡಿಸುವ ರೈಲು ಇದೆಯಲ್ಲ, ಐದಿಂಚು, ಏಳೂಕಾಲು ಇಂಚಿನ ಹಳಿ, ಅದು ಟೆರೇಸಿಗೆ ಆಗುತ್ತದಾ?

ಹರಿಹರ_ಫಿಟ್ಟರ್
ಟೆರೇಸಿಗೆ ಅಲ್ಲ, ತೋಟಕ್ಕೆ. ಏಳೂಕಾಲಿನ ಇಂಜಿನ್ ಮೇಲಕ್ಕೆ ಹತ್ತಿಸಲು ಕ್ರೇನ್ ಬೇಕು. ಅಡಿಕೆ ತೋಟ ಇದ್ದವರು ಮಾಡಬಹುದು. ಗೊಬ್ಬರ ಸಾಗಿಸುವ ನೆಪ ಹೇಳಿದರೆ ಮನೆಯವರೂ ಒಪ್ಪುತ್ತಾರೆ.

ಟೆರೇಸ್_ರೈಲು (ದಾವಣಗೆರೆ)
ನನ್ನ ನಿರ್ಧಾರ ಹೇಳುತ್ತೇನೆ. ಎಲ್‌ಜಿಬಿ ಇಂಜಿನ್ ಇಟ್ಟುಕೊಂಡು ಅದಕ್ಕೆ ಮೀಟರ್ ಗೇಜ್ ವ್ಯಾಗನ್ ಇಲ್ಲೇ ಮಾಡಿಸುತ್ತೇನೆ. ಒಂದು ಬದಿಗೆ ಆರ್3 ತಿರುವು, ಇನ್ನೊಂದು ಬದಿಗೆ ಚಿಕ್ಕಜಾಜೂರಿನ ಲೂಪ್. ಬಿಸಿಲಿಳಿದ ಮೇಲೆ ಓಡಿಸುವುದು.

ಮೀಟರ್‌ಗೇಜ್_ಮನುಷ್ಯ (ದಾವಣಗೆರೆ)
ಭಾನುವಾರ ಬರುತ್ತೇನೆ ಸಾರ್, ಅಳತೆ ತಗೊಳ್ಳೋಣ. ಬೆಣ್ಣೆ ದೋಸೆ ನಿಮ್ಮ ಖರ್ಚು.

ಬ್ರಾಡ್‌ಗೇಜ್_ಹುಡುಗ (ದಾವಣಗೆರೆ)
ನಾನು ಸೋತಿಲ್ಲ. 45 ಬಿಟ್ಟೆ. 52.4ರ ಹಳಿ ನಾನೇ ಹಾಕುತ್ತೇನೆ, ಸ್ಲೀಪರ್‌ಗೆ ಎಎಸ್‌ಎ ಪ್ರಿಂಟ್. ಎರಡು ಗಾಲಿಗಳ ಒಳಮೈ ನಡುವೆ ನಿಜವಾದ ಬ್ರಾಡ್ ಗೇಜಿನಲ್ಲಿ 1600 ಮಿ.ಮೀ., ಅಂದರೆ 32ರಲ್ಲಿ ಸರಿಯಾಗಿ 50. ಫಿಟ್ಟರ್ ಕಾಕಾ, ಡ್ರಾಯಿಂಗ್ ಕಳಿಸಲಾ?

ಹರಿಹರ_ಫಿಟ್ಟರ್
50 ಇಟ್ಟರೆ ಓಡುವುದಿಲ್ಲ. ಫ್ಲಾಂಜನ್ನೂ ನೀನು 32ರಿಂದ ಭಾಗಿಸಿದ್ದೀಯಾ, ಒಂದು ಮಿ.ಮೀ. ಕೂಡ ದಪ್ಪ ಬರಲ್ಲ. ಟೆರೇಸಿನ ಹಳಿಗೆ ಅಷ್ಟು ತೆಳು ಫ್ಲಾಂಜ್ ನಿಲ್ಲುವುದಿಲ್ಲ. ಫ್ಲಾಂಜ್ ಒಂದೂವರೆ ಇಡು, ಒಳಮೈ ಅಂತರ 48ಕ್ಕೆ ಇಳಿಸು, ಪಾಯಿಂಟಿನಲ್ಲಿ ಗಾಲಿ ದಾರಿ ತಪ್ಪದ ಹಾಗೆ ಹಿಡಿಯುವ ಚೆಕ್ ರೈಲನ್ನೂ ಅದಕ್ಕೆ ತಕ್ಕ ಹಾಗೆ ತಿದ್ದು. ಆಮೇಲೆ ಕಳಿಸು.